ಮೂರನೆಯ ವಾರ ದಾಟುವುದು ಹೇಗೆ: ದೊಡ್ಡವರಾದ ಮೇಲೆ ಓಟ ಹಿಡಿಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಓಡಲು ಶುರು ಮಾಡಿ ಬಿಟ್ಟವರಲ್ಲಿ ಮೊದಲ ದಿನವೇ ಬಿಟ್ಟವರು ಕಡಿಮೆ. ಮೊದಲ ವಾರ ಹುರುಪಿರುತ್ತದೆ. ಎರಡನೆಯ ವಾರ ಮೈಕೈ ನೋವಿದ್ದರೂ ಒಳಗೊಳಗೇ ಹೆಮ್ಮೆ. ಮೂರನೆಯ ಅಥವಾ ನಾಲ್ಕನೆಯ ವಾರ ಕಣಕಾಲು ಹಿಡಿದುಕೊಳ್ಳುತ್ತದೆ, ಇಲ್ಲವೇ ಎರಡು ದಿನ ಮಳೆ ಬರುತ್ತದೆ, ಅಷ್ಟಕ್ಕೇ ಶೂ ಮೂಲೆ ಸೇರುತ್ತದೆ. ನಾನು ಹೀಗೆ ಮೂರು ಸಲ ಬಿಟ್ಟು ನಾಲ್ಕನೆಯ ಸಲ ಹಿಡಿದವನು. ಆದ್ದರಿಂದ ಇಲ್ಲಿ ಓಟದ ಗುಣಗಾನ ಇಲ್ಲ, ಎಡವುವ ಜಾಗಗಳ ಪಟ್ಟಿ ಇದೆ.

ಬಿಡುವುದಕ್ಕೆ ಕಾರಣ ಸೋಮಾರಿತನ ಎಂದು ನಾವು ನಮ್ಮನ್ನೇ ಬೈದುಕೊಳ್ಳುತ್ತೇವೆ. ನಿಜವಾದ ಕಾರಣ ಬೇರೆ. ದೇಹದ ಎಲ್ಲ ಭಾಗಗಳೂ ಒಂದೇ ಹೊತ್ತಿಗೆ ಓಟ ಕಲಿಯುವುದಿಲ್ಲ. ಹೃದಯ ಮತ್ತು ಉಸಿರು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ, ಅವುಗಳ ಬೆನ್ನಿಗೇ ಸ್ನಾಯುಗಳು ಬರುತ್ತವೆ. ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೂ ಎಲುಬಿಗೂ ತಿಂಗಳುಗಳೇ ಬೇಕು. ಹೊಸ ಹೊರೆ ಬಿದ್ದ ಎಲುಬು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿಕೊಂಡು, ಆಮೇಲೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ನಡುವಿನ ಕೆಲವು ವಾರ ಅದು ಮೊದಲಿಗಿಂತ ತುಸು ದುರ್ಬಲವಾಗಿಯೇ ಇರುತ್ತದೆ. ಉಸಿರು ‘ಇನ್ನಷ್ಟು ಓಡು’ ಎನ್ನುವ ಮೂರನೆಯ ವಾರ, ಕಾಲು ‘ತಡೆ’ ಎನ್ನುವ ವಾರವೂ ಹೌದು. ನಾವು ಉಸಿರಿನ ಮಾತು ಕೇಳಿ ಕೆಡುತ್ತೇವೆ.

ಹಾಗಾಗಿ ಕ್ರಮ ಇದು: ಮೊದಲು ವಾರಕ್ಕೆ ಇಷ್ಟು ದಿನ ಎಂಬುದು ಗಟ್ಟಿಯಾಗಬೇಕು, ಆಮೇಲೆ ನಿಮಿಷಗಳು, ಆಮೇಲೆ ದೂರ, ಎಲ್ಲಕ್ಕೂ ಕೊನೆಗೆ ವೇಗ. ಹೊಸಬರು ಸಾಮಾನ್ಯವಾಗಿ ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಹಂತ 1: ಓಡುವ ಮೊದಲು ವೈದ್ಯರನ್ನು ಯಾರು ಕಾಣಬೇಕು

ಎಲ್ಲರೂ ಕಾಣಬೇಕೆಂದಿಲ್ಲ. ಹೃದಯದ ತೊಂದರೆ, ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ಕಾಯಿಲೆ ಇರುವವರು ಕಾಣಲೇಬೇಕು. ಶ್ರಮಪಟ್ಟಾಗ ಎದೆ ಹಿಡಿದಂತಾಗುವವರು, ತಲೆಸುತ್ತು ಬಂದವರು, ಕಾರಣವಿಲ್ಲದೆ ಎಚ್ಚರ ತಪ್ಪಿದವರು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ಹೃದಯದ ಕಾಯಿಲೆಯಿಂದ ತೀರಿಕೊಂಡಿದ್ದರೆ ಅಂಥವರು, ಗರ್ಭಿಣಿಯರು ಮತ್ತು ಇತ್ತೀಚೆಗೆ ಹೆರಿಗೆಯಾದವರು ಕೂಡ ಮೊದಲು ಕೇಳಿ ಆಮೇಲೆ ಶುರು ಮಾಡಬೇಕು.

ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಮಾತು. ಆ ಮಾತ್ರೆ ನಾಡಿಬಡಿತವನ್ನು ತಗ್ಗಿಸಿಯೇ ಇಡುತ್ತದೆ. ಕೈಗಡಿಯಾರ ತೋರಿಸುವ ಸಂಖ್ಯೆಯನ್ನು ನಂಬಿ ವೇಗ ಹೆಚ್ಚಿಸಬೇಡಿ.

ಹಂತ 2: ಬೇಕಾದ ಸಲಕರಣೆ

ಒಂದು ಜೊತೆ ಓಟದ ಶೂ, ಬೆವರು ಹೀರಿ ಬೇಗ ಒಣಗುವ ಬಟ್ಟೆ, ಹತ್ತಿಯದಲ್ಲದ ಕಾಲುಚೀಲ, ಸೆಕೆಂಡು ತೋರಿಸುವ ಯಾವುದಾದರೂ ಗಡಿಯಾರ, ಒಂದು ನೋಟ್‌ಬುಕ್. ಹೆಂಗಸರಿಗೆ ಇವುಗಳ ಜೊತೆ ಗಟ್ಟಿಯಾಗಿ ಹಿಡಿದಿಡುವ ಸ್ಪೋರ್ಟ್ಸ್ ಬ್ರಾ ಕೂಡ ಶೂವಿನಷ್ಟೇ ಮುಖ್ಯ. ಉಳಿದದ್ದೆಲ್ಲ ಆರು ತಿಂಗಳ ನಂತರದ ಮಾತು.

ಶೂ ಕೊಳ್ಳಲು ಸಂಜೆ ಹೋಗಿ. ದಿನವಿಡೀ ನಡೆದ ಪಾದ ತುಸು ಊದಿಕೊಂಡಿರುತ್ತದೆ, ಓಡುವಾಗಲೂ ಹಾಗೆಯೇ ಊದುತ್ತದೆ. ಎದ್ದು ನಿಂತಾಗ ಅತ್ಯಂತ ಉದ್ದದ ಬೆರಳಿಗೂ ಶೂವಿನ ತುದಿಗೂ ನಡುವೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು, ಹಿಮ್ಮಡಿ ಮಾತ್ರ ಜಾರಬಾರದು. ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಿ ನೋಡಿ. ‘ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ’ ಎಂದು ಮಾರುವವರು ಹೇಳಿದರೆ ಆ ಜೋಡಿ ಬೇಡ. ಓಟದ ಶೂ ಮೊದಲ ದಿನವೇ ಹಿತವಾಗಿರಬೇಕು.

ಪಾದದ ಕಮಾನು ನೋಡಿ, ಟ್ರೆಡ್‌ಮಿಲ್ ಮೇಲೆ ಓಡಿಸಿ, ನಿಮಗೆ ಇಂಥದ್ದೇ ಶೂ ಎಂದು ಶಾಸ್ತ್ರ ಹೇಳುವುದುಂಟು. ಕಾಲಿಗೆ ಹಿತವೆನಿಸುವುದನ್ನು ಆರಿಸಿಕೊಳ್ಳುವುದು ಅದಕ್ಕಿಂತ ಕೆಟ್ಟ ದಾರಿಯೇನಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಜೋಡಿ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಮೇಲೆ ಹೊಸದಾಗಿಯೇ ಕಂಡರೂ ಒಳಗಿನ ಮೆತ್ತೆ ಸೋತಿರುತ್ತದೆ. ಕೊಂಡ ದಿನಾಂಕವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ಹಂತ 3: ಎರಡು ವಾರ ಬರೀ ನಡಿಗೆ

ಇದನ್ನು ಓದಿ ಮುಖ ಸಿಂಡರಿಸುವವರೇ ಹೆಚ್ಚು. ಆದರೆ ವರ್ಷಗಟ್ಟಲೆ ಕುರ್ಚಿಯಲ್ಲೇ ಕುಳಿತ ದೇಹಕ್ಕೆ ಈ ಹಂತ ಬಿಟ್ಟರೆ ಮುಂದಿನದೆಲ್ಲ ಸಾಲ ಮಾಡಿದಂತೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು ಕೊಟ್ಟು, 30 ನಿಮಿಷ ಬಿರುಸಾಗಿ ನಡೆಯಿರಿ. ಈಗಾಗಲೇ ಅಷ್ಟು ನಡೆಯುವ ರೂಢಿ ಇದ್ದರೆ ನೇರವಾಗಿ ಮುಂದಿನ ಹಂತಕ್ಕೆ ಹೋಗಬಹುದು.

ಈ ಎರಡು ವಾರದ ನಿಜವಾದ ಕೆಲಸ ಕಾಲಿನದಲ್ಲ, ವೇಳಾಪಟ್ಟಿಯದು. ಯಾವ ಮೂರು ದಿನ, ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಎಂಬುದು ಈಗಲೇ ತೀರ್ಮಾನವಾಗಲಿ. ಬೆಳಗ್ಗೆಯೋ ಸಂಜೆಯೋ ಎಂದು ಚರ್ಚಿಸುತ್ತ ಕೂರಬೇಡಿ. ಮನೆಯವರಿಗಾಗಲಿ ಕಚೇರಿಗಾಗಲಿ ನೀವು ಬೇಕಾಗದ ಹೊತ್ತು ಯಾವುದೋ ಅದೇ ಒಳ್ಳೆಯ ಹೊತ್ತು. ಆ ಅರ್ಧ ಗಂಟೆಯನ್ನು ನಡಿಗೆಗೇ ಕಾಯ್ದುಕೊಳ್ಳಲು ಆಗದಿದ್ದರೆ ಓಟಕ್ಕೂ ಆಗುವುದಿಲ್ಲ. ಅದು ಈಗಲೇ ಗೊತ್ತಾದರೆ ಸಮಯ ಬದಲಿಸಿಕೊಳ್ಳಬಹುದು.

ಹಂತ 4: ನಿಧಾನ ಎಂದರೆ ಎಷ್ಟು ನಿಧಾನ

ಹೊಸಬರು ಕೆಡುವುದು ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲಿ. ನಮ್ಮ ಮನಸ್ಸಿನಲ್ಲಿ ಓಟ ಎಂದರೆ ಶಾಲೆಯ ಮೈದಾನದ 100 ಮೀಟರ್ ಓಟ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಏದುಸಿರು ಬಿಡುವುದು. ಹಾಗೆ ಹೊರಟವರು ಎರಡನೆಯ ನಿಮಿಷಕ್ಕೇ ನಿಂತು ‘ನನ್ನ ಕೈಲಿ ಆಗದು’ ಎಂದು ತೀರ್ಮಾನಿಸುತ್ತಾರೆ. ಆಗದಿರುವುದು ಆ ವೇಗ, ಓಟವಲ್ಲ.

ಪರೀಕ್ಷೆ ಸುಲಭವಾಗಿದೆ. ಓಡುತ್ತಾ ಒಂದು ಪೂರ್ತಿ ವಾಕ್ಯವನ್ನು ಗಟ್ಟಿಯಾಗಿ ಹೇಳಿ. ಮಧ್ಯದಲ್ಲಿ ಉಸಿರಿಗಾಗಿ ತಡವರಿಸದೆ ಮುಗಿದರೆ ವೇಗ ಸರಿಯಾಗಿದೆ. ಮೂರು ಪದಕ್ಕೊಮ್ಮೆ ನಿಲ್ಲಬೇಕಾದರೆ ಹೆಚ್ಚಾಯಿತು. ಮೊದಮೊದಲು ಈ ವೇಗ ಬಿರುಸಿನ ನಡಿಗೆಗಿಂತ ಹೆಚ್ಚೇನೂ ಇರುವುದಿಲ್ಲ, ಪಕ್ಕದಲ್ಲಿ ಯಾರಾದರೂ ನಡೆಯುತ್ತಲೇ ನಿಮ್ಮನ್ನು ಹಿಂದೆ ಹಾಕಬಹುದು. ಹಾಕಲಿ.

ಓಡುವ ಭಂಗಿಯ ಬಗ್ಗೆ ಎರಡೇ ಮಾತು ಸಾಕು. ಹೆಜ್ಜೆ ಚಿಕ್ಕದಿರಲಿ, ಪಾದ ದೇಹದ ಮುಂದಕ್ಕೆ ಚಾಚದೆ ಮೈಯ ಕೆಳಗೇ ಬೀಳಲಿ. ದೂರಕ್ಕೆ ಚಾಚಿದ ಕಾಲು ಪ್ರತಿ ಹೆಜ್ಜೆಗೂ ಬ್ರೇಕ್ ಹಾಕುತ್ತದೆ, ಪೆಟ್ಟು ಮೊಣಕಾಲಿಗೆ ಹೋಗುತ್ತದೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನೆಲ ನಿಮ್ಮ ಮೈತೂಕದ ಎರಡರಿಂದ ಮೂರು ಪಟ್ಟು ಬಲದಿಂದ ತಿರುಗಿ ಒತ್ತುತ್ತದೆ ಎಂಬುದು ನೆನಪಿರಲಿ. ಹಿಮ್ಮಡಿ ಮೊದಲು ಊರಬೇಕೋ ಮುಂಗಾಲು ಮೊದಲೋ ಎಂಬ ಜಗಳಕ್ಕೆ ಈಗಲೇ ಬೀಳಬೇಡಿ.

ಹಂತ 5: 24 ನಿಮಿಷದ ಪಟ್ಟಿ

ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಪ್ರತಿ ಸಲವೂ ಮೊದಲು 5 ನಿಮಿಷ ನಡಿಗೆ, ಕೊನೆಗೆ 5 ನಿಮಿಷ ನಡಿಗೆ. ನಡುವಿನ 24 ನಿಮಿಷ ಕೊನೆಯವರೆಗೂ 24 ನಿಮಿಷವೇ ಆಗಿರುತ್ತದೆ, ಅದರೊಳಗೆ ಓಟದ ಪಾಲು ಮಾತ್ರ ಬೆಳೆಯುತ್ತದೆ. ದಿನಚರಿಯಲ್ಲಿ ಹೊಸದಾಗಿ ಜಾಗ ಹುಡುಕುವ ಕೆಲಸ ಬೀಳದಿರಲಿ ಎಂದೇ ಹೀಗೆ ಹೊಂದಿಸಿದ್ದೇನೆ.

1 ಮತ್ತು 2ನೆಯ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸಲ.
3 ಮತ್ತು 4: 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ.
5 ಮತ್ತು 6: 4 ನಿಮಿಷ ಓಟ, 2 ನಿಮಿಷ ನಡಿಗೆ, 4 ಸಲ.
7 ಮತ್ತು 8: 6 ನಿಮಿಷ ಓಟ, 2 ನಿಮಿಷ ನಡಿಗೆ, 3 ಸಲ.
9 ಮತ್ತು 10: 10 ನಿಮಿಷ ಓಟ, 2 ನಿಮಿಷ ನಡಿಗೆ, 2 ಸಲ.
11: 15 ನಿಮಿಷ ಓಟ, 2 ನಿಮಿಷ ನಡಿಗೆ, ಮತ್ತೆ 7 ನಿಮಿಷ ಓಟ.
12: 24 ನಿಮಿಷ ಎಡೆಬಿಡದೆ ಓಟ.

ಮೊದಲ ವಾರ ಇದು ನಗು ಬರುವಷ್ಟು ಸುಲಭ ಎನಿಸಿದರೆ ಪಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆ. ಮುಂದಕ್ಕೆ ಹಾರಬೇಡಿ. ಒಂದು ವಾರದ ಮೂರೂ ದಿನ ಮಾತಾಡುವ ವೇಗದಲ್ಲೇ ಮುಗಿಸಲು ಆಗದಿದ್ದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿ. 12 ವಾರದ ಪಟ್ಟಿ 18 ವಾರ ಹಿಡಿದರೆ ಯಾರೂ ಕೇಳುವುದಿಲ್ಲ. 5ನೆಯ ವಾರದಲ್ಲಿ ಒಮ್ಮೆಗೇ ಎರಡು ನಿಮಿಷದಿಂದ ನಾಲ್ಕಕ್ಕೆ ಏರುತ್ತದೆ, ಮರು ಮಾಡಬೇಕಾಗಿ ಬರುವುದು ಹೆಚ್ಚಾಗಿ ಅಲ್ಲೇ.

ನಡಿಗೆಯ ಎರಡು ನಿಮಿಷ ಸೋತವರ ವಿಶ್ರಾಂತಿಯಲ್ಲ. ದಣಿದ ಮೇಲೆ ನಡೆಯುವುದು ಬೇರೆ, ದಣಿಯುವ ಮೊದಲೇ ಗಡಿಯಾರ ನೋಡಿ ನಡೆಯುವುದು ಬೇರೆ. ಎರಡನೆಯದು ಕಾಲನ್ನು ಕಾಯುತ್ತದೆ. ‘ಇವತ್ತು ಚೆನ್ನಾಗಿದ್ದೇನೆ, ನಡಿಗೆ ಬೇಡ’ ಎಂದುಕೊಂಡ ದಿನವೇ ನನ್ನ ಎರಡನೆಯ ಪ್ರಯತ್ನ ಹಾಳಾದದ್ದು.

ಬಿಸಿಲಿನ ಕಾಲದಲ್ಲಿ ಶುರು ಮಾಡಿದರೆ ಶಾಖಕ್ಕೆ ಒಗ್ಗಲು ದೇಹಕ್ಕೆ ಒಂದೆರಡು ವಾರ ಬೇಕು. ಅಷ್ಟು ದಿನ ಇನ್ನೂ ನಿಧಾನವಾಗಿ ಓಡಿ. ಬಾಯಾರಿದಾಗ ನೀರು ಕುಡಿಯಿರಿ. ಅರ್ಧ ಗಂಟೆಯ ಓಟಕ್ಕೆ ಲೀಟರ್‌ಗಟ್ಟಲೆ ಕುಡಿದು ಹೊರಡುವ ಅಗತ್ಯವಿಲ್ಲ, ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ. ಪಾದಚಾರಿ ಮಾರ್ಗ ಇಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನ ಕಾಣುವ ಬದಿಯಲ್ಲೇ ಓಡಿ, ಕತ್ತಲಲ್ಲಿ ಬೆಳಕು ಪ್ರತಿಫಲಿಸುವ ಬಟ್ಟೆ ಹಾಕಿ, ಇಯರ್‌ಫೋನ್ ಒಂದು ಕಿವಿಯಲ್ಲಿ ಮಾತ್ರ ಇರಲಿ.

ಹಂತ 6: ಓಡದ ದಿನ ಹತ್ತು ನಿಮಿಷ

ವಾರಕ್ಕೆ ಎರಡು ದಿನ ಕಾಲಿಗೆ ಬಲ ತುಂಬುವ ಕೆಲಸ. ಉಪಕರಣ ಬೇಡ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ನಿಧಾನವಾಗಿ ಇಳಿಯುವುದು 15 ಸಲ. ಕುರ್ಚಿಯ ಎತ್ತರದವರೆಗೆ ಬಸ್ಕಿ 10 ಸಲ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು 12 ಸಲ. ಒಂದೊಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು. ಇಷ್ಟನ್ನೂ ಎರಡು ಸುತ್ತು ಮಾಡಿ. ಹಿಮ್ಮಡಿ ಎತ್ತುವುದನ್ನು ಮಾತ್ರ ಎಂದೂ ಬಿಡಬೇಡಿ. ಓಟದ ಹೊರೆಯಲ್ಲಿ ದೊಡ್ಡ ಪಾಲು ಬೀಳುವುದು ಮೀನಖಂಡದ ಮೇಲೆ. 15 ಸಲ ಸುಲಭವಾದ ಮೇಲೆ ಒಂದೇ ಕಾಲಿನಲ್ಲಿ ಮಾಡಿ.

ಓಡುವ ಮೊದಲು ನಿಂತಲ್ಲೇ ಕಾಲು ಚಾಚಿ ಎಳೆದು ಹಿಡಿಯುವ ವ್ಯಾಯಾಮದಿಂದ ಗಾಯ ತಪ್ಪುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆ ಹೊತ್ತನ್ನು ನಡಿಗೆಗೆ ಕೊಡಿ.

ಹಂತ 7: ನೋವನ್ನು ಓದುವುದು

ಹೊಸ ಕೆಲಸಕ್ಕೆ ಮೈ ನೋಯುತ್ತದೆ. ಎರಡೂ ತೊಡೆ, ಎರಡೂ ಮೀನಖಂಡ ಒಂದೇ ರೀತಿ ಜಡವಾಗಿ ನೋಯುವುದು, ಎರಡು ಮೂರು ದಿನಕ್ಕೆ ಇಳಿಯುವುದು, ನಡೆದಾಡಿದರೆ ಸಡಿಲವಾಗುವುದು: ಇದು ಸ್ನಾಯು ಕಲಿಯುವ ನೋವು. ಓಟ ಮುಂದುವರಿಸಬಹುದು.

ಒಂದೇ ಕಾಲಿನ ನೋವು, ಬೆರಳಿಟ್ಟು ತೋರಿಸಬಹುದಾದ ನೋವು, ಓಡುತ್ತಾ ಓಡುತ್ತಾ ಹೆಚ್ಚುವ ನೋವು, ನಡಿಗೆಯನ್ನೇ ಕುಂಟಾಗಿಸುವ ನೋವು: ಇವು ಬೇರೆ ಜಾತಿ. ಹೊಸಬರನ್ನು ಕಾಡುವ ನಾಲ್ಕನ್ನು ಗುರುತಿಟ್ಟುಕೊಳ್ಳಿ.

ಕಣಕಾಲಿನ ಒಳಬದಿಯ ಎಲುಬಿನ ಉದ್ದಕ್ಕೂ ಹರಡಿದ ನೋವು ಹೊರೆ ಬೇಗ ಏರಿದ್ದರ ಗುರುತು. ಪಟ್ಟಿಯಲ್ಲಿ ಎರಡು ವಾರ ಹಿಂದಕ್ಕೆ ಹೋಗಿ, ಮೆತ್ತಗಿನ ನೆಲ ಹುಡುಕಿ. ಅದೇ ನೋವು ಹರಡುವ ಬದಲು ಒಂದೇ ಬಿಂದುವಿನಲ್ಲಿ ನಿಂತರೆ, ರಾತ್ರಿ ಮಲಗಿದಾಗಲೂ ಕಾಡಿದರೆ, ಆ ಕಾಲಿನಲ್ಲಿ ಊರಿದರೆ ಚುಚ್ಚಿದಂತಾದರೆ ಅದು ಎಲುಬಿನ ಕೂದಲೆಳೆಯಷ್ಟು ಬಿರುಕಾಗಿರಬಹುದು. ಅಂದೇ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ‘ಇನ್ನೆರಡು ದಿನ ನೋಡೋಣ’ ಎನ್ನುವ ಮಾತು ಇಲ್ಲಿ ದುಬಾರಿ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೆಯೂ ಇರಬಹುದು, ಚಿತ್ರ ಸರಿಯಿದೆ ಎಂದು ಮರುದಿನವೇ ಓಡಲು ಹೋಗಬೇಡಿ.

ಬೆಳಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ತಳ ಚುಚ್ಚುವುದು ಅಂಗಾಲಿನ ಪಟ್ಟಿಯ ತೊಂದರೆ. ಹಿಮ್ಮಡಿಯ ಹಿಂಭಾಗದ ದಪ್ಪ ರಜ್ಜು ಬೆಳಗ್ಗೆ ಬಿಗಿದಿದ್ದರೆ ಅದು ಅಕಿಲಿಸ್ ರಜ್ಜುವಿನದು. ಮೆಟ್ಟಿಲು ಇಳಿಯುವಾಗ ಮೊಣಕಾಲ ಚಿಪ್ಪಿನ ಸುತ್ತ ನೋಯುವುದು ತೊಡೆ ಮತ್ತು ಸೊಂಟಕ್ಕೆ ಬಲ ಸಾಲದೆಂಬ ಸೂಚನೆಯಾಗಿರಬಹುದು. ಈ ಮೂರಕ್ಕೂ ಪೂರ್ತಿ ಮಲಗಿಬಿಡುವುದು ಮದ್ದಲ್ಲ. ಹೊರೆ ಇಳಿಸಿ, ಆರನೆಯ ಹಂತದ ವ್ಯಾಯಾಮ ಮುಂದುವರಿಸಿ, ಎರಡು ವಾರದಲ್ಲಿ ಇಳಿಮುಖ ಕಾಣದಿದ್ದರೆ ಭೌತಚಿಕಿತ್ಸಕರನ್ನು ಕಾಣಿ. ನೋವುನಿವಾರಕ ಮಾತ್ರೆ ನುಂಗಿ ಓಡುವುದು ಹೊಗೆ ಬಂದಾಗ ಕೂಗುವ ಗಂಟೆಯ ತಂತಿ ಕತ್ತರಿಸಿದಂತೆ.

ಎದೆ ಹಿಡಿದುಕೊಂಡರೆ, ನೋವು ತೋಳಿಗೋ ದವಡೆಗೋ ಹರಿದರೆ, ಕಣ್ಣು ಕತ್ತಲಿಟ್ಟರೆ, ಎದೆಬಡಿತ ತಾಳ ತಪ್ಪಿದರೆ ತಕ್ಷಣ ನಿಂತು ತುರ್ತು ಸಹಾಯ ಕರೆಯಿರಿ. ಜ್ವರ ಇದ್ದ ದಿನ ಓಟವೇ ಬೇಡ.

ಹಂತ 8: ಮನಸ್ಸು ಬಿಡುವ ದಿನಗಳು

ಹುರುಪು ಬರಲಿ, ಆಮೇಲೆ ಹೊರಡೋಣ ಎಂದು ಕಾಯುವವರು ಕಾಯುತ್ತಲೇ ಇರುತ್ತಾರೆ. ಓಡುವ ರೂಢಿ ಇದ್ದವರಿಗೂ ಹೊರಡುವ ಮುನ್ನ ಮನಸ್ಸಿರುವುದಿಲ್ಲ, ಹತ್ತು ನಿಮಿಷ ಕಳೆದ ಮೇಲೆ ಬರುತ್ತದೆ. ಆದ್ದರಿಂದ ಒಪ್ಪಂದವನ್ನು ಓಟದ ಜೊತೆ ಮಾಡಿಕೊಳ್ಳಬೇಡಿ, ಶೂವಿನ ಜೊತೆ ಮಾಡಿಕೊಳ್ಳಿ. ಶೂ ಕಟ್ಟಿ ಹತ್ತು ನಿಮಿಷ ನಡೆಯುವುದಷ್ಟೇ ಕಡ್ಡಾಯ. ಆಮೇಲೂ ಬೇಡವೆನಿಸಿದರೆ ಅಪರಾಧ ಭಾವವಿಲ್ಲದೆ ಮನೆಗೆ ಬನ್ನಿ, ನೋಟ್‌ಬುಕ್ಕಿನಲ್ಲಿ ಆ ದಿನಕ್ಕೂ ಗುರುತು ಹಾಕಿ. ವರ್ಷದಲ್ಲಿ ನಾನು ಹಾಗೆ ವಾಪಸು ಬಂದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನಂಬಿ 22ನೆಯ ದಿನ ನಿರಾಶರಾದವರು ಬಹಳ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ ಮಾಡಿದ ಅಧ್ಯಯನವೊಂದರಲ್ಲಿ ಹೊಸ ನಡವಳಿಕೆ ತಾನಾಗಿ ಬರುವಂತಾಗಲು 18ರಿಂದ 254 ದಿನಗಳವರೆಗೆ ಬೇಕಾಯಿತೆಂದು ಅಂದಾಜಿಸಿದರು, ನಡುವಣ ಅಂಕಿ 66. ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಹೆಚ್ಚು ಉಪಯುಕ್ತ: ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ಹಾಗಾಗಿ ನನ್ನ ನಿಯಮ ಇಷ್ಟೇ: ಒಂದು ದಿನ ತಪ್ಪಬಹುದು, ಸಾಲಾಗಿ ಎರಡು ತಪ್ಪಬಾರದು. ತಪ್ಪಿದ ದಿನದ ಓಟವನ್ನು ಮರುದಿನದ್ದಕ್ಕೆ ಸೇರಿಸಿ ‘ಸಾಲ ತೀರಿಸುವ’ ಕೆಲಸವಂತೂ ಬೇಡವೇ ಬೇಡ, ಗಾಯವಾಗುವುದು ಅಂಥ ದಿನಗಳಲ್ಲೇ.

ಕಾಯಿಲೆಯಿಂದಲೋ ಪ್ರಯಾಣದಿಂದಲೋ ದೊಡ್ಡ ಬಿಡುವು ಬಿದ್ದರೆ ಲೆಕ್ಕ ಹೀಗಿರಲಿ. ಒಂದು ವಾರ ತಪ್ಪಿದರೆ ಬಿಟ್ಟಲ್ಲಿಂದಲೇ ಮುಂದುವರಿಸಿ. ಎರಡು ವಾರವಾದರೆ ಪಟ್ಟಿಯಲ್ಲಿ ಎರಡು ವಾರ ಹಿಂದಕ್ಕೆ ಹೋಗಿ. ಒಂದು ತಿಂಗಳು ದಾಟಿದ್ದರೆ ಮೊದಲಿನಿಂದ ಹಿಡಿದು ಪ್ರತಿ ಜೋಡಿ ವಾರವನ್ನು ಒಂದೇ ವಾರದಲ್ಲಿ ದಾಟಿಸಿ.

ತೂಕ ಇಳಿಸುವುದೊಂದೇ ಗುರಿಯಾದರೆ ಮನಸ್ಸು ಬೇಗ ಮುರಿಯುತ್ತದೆ. ವಾರಕ್ಕೆ ಮೂರು ಸಲ 24 ನಿಮಿಷಕ್ಕೆ ತಕ್ಕಡಿಯ ಮುಳ್ಳು ಹೆಚ್ಚು ಅಲುಗಾಡುವುದಿಲ್ಲ, ಹಸಿವು ಮಾತ್ರ ಹೆಚ್ಚುತ್ತದೆ. ಬದಲಿಗೆ ಅಲುಗಾಡುವುದನ್ನು ಅಳೆಯಿರಿ. ನಾಲ್ಕು ವಾರಕ್ಕೊಮ್ಮೆ ಅದೇ ದಾರಿ, ಅದೇ ಹೊತ್ತು. ಓಟ ಮುಗಿದ ಒಂದು ನಿಮಿಷಕ್ಕೆ ನಾಡಿ ಎಷ್ಟು ಇಳಿಯಿತು ಎಂದು ಬರೆಯಿರಿ. ಮೆಟ್ಟಿಲು ಹತ್ತಿದ ಮೇಲೆ ಮಾತಾಡಲು ಎಷ್ಟು ಹೊತ್ತು ಬೇಕಾಯಿತು ಎಂಬುದೂ ಒಳ್ಳೆಯ ಅಳತೆಯೇ.

ಜೊತೆಗಾರರು ಸಿಕ್ಕರೆ ಒಳ್ಳೆಯದು, ಒಂದು ಷರತ್ತಿನ ಮೇಲೆ: ಅವರು ನಿಮ್ಮ ವೇಗಕ್ಕೆ ಇಳಿಯುವವರಾಗಿರಬೇಕು. ನಿಮ್ಮನ್ನು ಎಳೆದೊಯ್ಯುವ ಗೆಳೆಯನಿಗಿಂತ ಒಂಟಿತನ ವಾಸಿ. ವೇಗವನ್ನು ಹತ್ತು ಜನಕ್ಕೆ ತೋರಿಸುವ ಮೊಬೈಲ್ ಆ್ಯಪ್‌ಗಳನ್ನೂ ಮೂರು ತಿಂಗಳು ದೂರವಿಡಿ. ಯಾರೋ ನೋಡುತ್ತಾರೆಂದು ಓಡುವವರು ನಾಲ್ಕನೆಯ ಹಂತದ ಪರೀಕ್ಷೆಯಲ್ಲಿ ಪ್ರತಿ ದಿನವೂ ನಪಾಸಾಗುತ್ತಾರೆ.

ಹಂತ 9: 24 ನಿಮಿಷ ಬಂದ ಮೇಲೆ

ಎಡೆಬಿಡದೆ 24 ನಿಮಿಷ ಓಡಿದ ದಿನ ಹೆಸರು ನೋಂದಾಯಿಸುವ ಆಸೆ ಹುಟ್ಟುತ್ತದೆ. 5 ಕಿಲೋಮೀಟರ್ ಓಟಕ್ಕೆ ಹೆಸರು ಕೊಡಿ, ಆರರಿಂದ ಎಂಟು ವಾರ ಮುಂದಿನದ್ದಕ್ಕೆ. 42.195 ಕಿಲೋಮೀಟರಿನ ಮ್ಯಾರಥಾನ್ ಮಾತು ಈ ವರ್ಷ ಬೇಡ.

ಮೊದಲು ಒಂದು ತಿಂಗಳು ಆ 24 ನಿಮಿಷದಲ್ಲೇ ನಿಲ್ಲಿ. ಆಮೇಲೆ ಮೂರರಲ್ಲಿ ಒಂದು ದಿನವನ್ನು ಮಾತ್ರ ವಾರಕ್ಕೆ 2–3 ನಿಮಿಷದಂತೆ ಉದ್ದ ಮಾಡಿ. ಮೂರು ವಾರ ಏರಿಸಿದ ಮೇಲೆ ನಾಲ್ಕನೆಯ ವಾರ ಹಿಂದಕ್ಕೆ ಬಂದು ವಿಶ್ರಾಂತಿ ಕೊಡಿ. ವಾರದ ಒಟ್ಟು ಹೊರೆ ಶೇ 10ಕ್ಕಿಂತ ಏರಬಾರದೆಂಬ ಪ್ರಸಿದ್ಧ ನಿಯಮವನ್ನು ಅಕ್ಷರಶಃ ಲೆಕ್ಕ ಹಾಕಬೇಕಿಲ್ಲ. ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ಅದನ್ನು ಪರೀಕ್ಷಿಸಿದಾಗ, ನಿಯಮ ಪಾಲಿಸಿದ ಗುಂಪಿನಲ್ಲೂ ಇನ್ನೊಂದು ಗುಂಪಿನಲ್ಲೂ ಐವರಲ್ಲಿ ಒಬ್ಬರಿಗೆ ಗಾಯವಾಗಿತ್ತು. ನೋಡಿಕೊಳ್ಳಬೇಕಾದದ್ದು ಒಂದೇ ದಿನದ ಜಿಗಿತವನ್ನು: ಕಳೆದ ತಿಂಗಳ ಅತಿ ಉದ್ದದ ಓಟಕ್ಕಿಂತ ಬಹಳ ಉದ್ದ ಓಡಿದ ದಿನ ಕ್ಯಾಲೆಂಡರಿನಲ್ಲಿ ಇರದಿರಲಿ.

ವೇಗದ ಸರದಿ ಈಗ. ವಾರಕ್ಕೊಂದು ದಿನ, ಎಂದಿನ ಓಟದ ಕೊನೆಯಲ್ಲಿ, 20 ಸೆಕೆಂಡಿನ ನಾಲ್ಕು ಚುರುಕು ಓಟ, ನಡುನಡುವೆ ಪೂರ್ತಿ ಉಸಿರು ತಹಬಂದಿಗೆ ಬರುವವರೆಗೆ ನಡಿಗೆ. ಉಳಿದೆರಡು ದಿನ ವಾಕ್ಯ ಹೇಳುವ ವೇಗವೇ. ಓಟದ ದಿನ ಹೊಸ ಶೂ, ಹೊಸ ಕಾಲುಚೀಲ ಹಾಕಬೇಡಿ, ಮತ್ತು ಜನರ ನೂಕಿಗೆ ಸಿಕ್ಕಿ ಮೊದಲ ಕಿಲೋಮೀಟರನ್ನು ಹಾರಿಕೊಂಡು ಹೋಗದಿರಲು ಹಿಂದಿನ ಸಾಲಿನಲ್ಲೇ ನಿಲ್ಲಿ.